ಅರ್ಧ ಇಂಚಿನ ತಕರಾರು

1950ರ ಜುಲೈನಲ್ಲಿ ರೈಲಿನ ಮಾಲೀಕ ಸರ್ ಹೇಡನ್ ಜೋನ್ಸ್ ತೀರಿಕೊಂಡಾಗ, ಅವರ ಜೊತೆಗೇ ಒಂದು ರೈಲು ಕೂಡ ಮುಗಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ವೇಲ್ಸ್‌ನ ಕಡಲ ದಂಡೆಯ ಟಾವಿನ್ ಊರಿನಿಂದ ಬೆಟ್ಟದ ಕಡೆಗೆ ಹೋಗುವ ಟಾಲಿಲ್ಲಿನ್ ರೈಲು ಅದು. 1860ರ ದಶಕದಲ್ಲಿ ಸ್ಲೇಟು ಕಲ್ಲು ಸಾಗಿಸಲು ಕಟ್ಟಿದ್ದು. ಗಣಿ 1946ರಲ್ಲಿ ಕುಸಿದು ಮುಚ್ಚಿತ್ತು. 'ನಾನು ಇರುವ ತನಕ ರೈಲು ಓಡುತ್ತದೆ' ಎಂದು ಜೋನ್ಸ್ ಮಾತು ಕೊಟ್ಟಿದ್ದರು, ಲಾಭವಿಲ್ಲದಿದ್ದರೂ ನಡೆಸಿಕೊಂಡು ಬಂದರು. ಬ್ರಿಟನ್ನಿನ ರೈಲುಗಳನ್ನೆಲ್ಲ ಸರ್ಕಾರ 1948ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡಾಗಲೂ ಇದು ಪಟ್ಟಿಯಲ್ಲಿರಲಿಲ್ಲ.

ಜೋನ್ಸ್ ತೀರಿಕೊಂಡ 1950ರ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಹೋಟೆಲಿನಲ್ಲಿ ಸಭೆ ಸೇರಿತು. ಟಾಮ್ ರೋಲ್ಟ್ ಎಂಬ ಎಂಜಿನಿಯರ್ ಮತ್ತು ಅವರ ಗೆಳೆಯರು 'ನಾವೇ ಓಡಿಸೋಣ' ಎಂದರು. ಸಂಬಳವಿಲ್ಲದೆ ಬರುವ ಸ್ವಯಂಸೇವಕರನ್ನು ನಂಬಿ ರೈಲು ನಡೆಸುವ ಯೋಚನೆ ಆಗ ಜಗತ್ತಿನಲ್ಲಿ ಯಾರೂ ಮಾಡಿ ನೋಡಿರಲಿಲ್ಲ. 1951ರ ಮೇ 14ರಂದು ಅವರ ಮೊದಲ ಗಾಡಿ ಹೊರಟಿತು.

ಆಮೇಲಿನ ಹತ್ತು ವರ್ಷದ ಕತೆಯನ್ನು ಸಾಮಾನ್ಯವಾಗಿ ಉತ್ಸಾಹದ ಕತೆಯಾಗಿ ಹೇಳುತ್ತಾರೆ. ಉತ್ಸಾಹ ಇತ್ತು, ಸುಳ್ಳಲ್ಲ. ಆದರೆ ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಹಳಿ ಮತ್ತು ಚಕ್ರದ ನಡುವಿನ ಅರ್ಧ ಇಂಚು.

ಇವರ ಕೈಗೆ ಸಿಕ್ಕಿದ್ದು ಎರಡು ಎಂಜಿನ್. ಒಂದು, ರೈಲಿನದೇ ಹೆಸರಿನ 'ಟಾಲಿಲ್ಲಿನ್'. 1864ರದ್ದು, ಕೆಟ್ಟು ಮೂಲೆ ಸೇರಿತ್ತು. ಇನ್ನೊಂದು 1866ರ 'ಡಾಲ್ಗೋಖ್'. ಓಡುವ ಸ್ಥಿತಿಯಲ್ಲಿದ್ದದ್ದು ಇದೊಂದೇ. ಎಂಬತ್ತೈದು ವರ್ಷದ ಆ ಎಂಜಿನ್ ಒಂದು ದಿನ ನಿಂತರೆ ರೈಲೇ ನಿಂತಂತೆ. ಹಾಗಾಗಿ ಬದಲಿ ಹುಡುಕಿದರು. ಹತ್ತಿರದಲ್ಲೇ ಕಾರಿಸ್ ಎಂಬ ಇನ್ನೊಂದು ಪುಟ್ಟ ರೈಲು 1948ರಲ್ಲಿ ಮುಚ್ಚಿತ್ತು. ಅದರ ಹಳಿಯ ಅಂತರವೂ ಇದರಷ್ಟೇ, 2 ಅಡಿ 3 ಇಂಚು. ಬಹಳ ಅಪರೂಪದ ಅಳತೆ. ಅಲ್ಲಿ ಉಳಿದಿದ್ದ ಎರಡು ಎಂಜಿನ್‌ಗಳನ್ನು ಒಂದೊಂದಕ್ಕೆ 25 ಪೌಂಡ್ ಕೊಟ್ಟು ತಂದರು. ಒಂದಕ್ಕೆ 'ಸರ್ ಹೇಡನ್' ಎಂದೂ ಇನ್ನೊಂದಕ್ಕೆ 'ಎಡ್ವರ್ಡ್ ಥಾಮಸ್' ಎಂದೂ ಹೆಸರಿಟ್ಟರು.

'ಸರ್ ಹೇಡನ್' ಹಳಿಗಿಳಿಯಿತು, ಮತ್ತೆ ಮತ್ತೆ ಹಳಿ ತಪ್ಪಿತು. ಅಳತೆ ಒಂದೇ ಅಲ್ವಾ, ಹಾಗಾದರೆ ಏನು ತಕರಾರು? ಟೇಪು ಹಿಡಿದು ನೋಡಿದಾಗ ಗೊತ್ತಾಯಿತು: ಟಾಲಿಲ್ಲಿನ್ ಹಳಿಗಳ ನಡುವಿನ ಅಂತರ ಹೇಳಿದ್ದಕ್ಕಿಂತ ಸುಮಾರು ಅರ್ಧ ಇಂಚು ಹೆಚ್ಚಿತ್ತು.

ರೈಲಿನ ಚಕ್ರ ಹಳಿಯ ಮೇಲೆ ನಿಲ್ಲುವುದು ಹೇಗೆ ಅಂತ ಸ್ವಲ್ಪ ನೋಡೋಣ. ಚಕ್ರದ ಒಳಬದಿಯಲ್ಲಿ ಒಂದು ಎತ್ತರದ ಅಂಚು ಇರುತ್ತದೆ. ಅದು ಹಳಿಯ ಒಳಗೆ ಇಳಿದು ಚಕ್ರ ಆಚೀಚೆ ಜಾರದಂತೆ ತಡೆಯುತ್ತದೆ. ಭಾರ ಹೊರುವುದು ಆ ಅಂಚಿನ ಪಕ್ಕದ ಚಪ್ಪಟೆ ಪಟ್ಟಿ. ಹಳಿಗಳು ದೂರವಾದರೆ, ಒಂದು ಬದಿಯ ಅಂಚು ಹಳಿಗೆ ಒತ್ತಿ ನಿಂತಾಗ ಇನ್ನೊಂದು ಬದಿಯ ಪಟ್ಟಿ ತನ್ನ ಹಳಿಯ ಮೇಲೆ ಅಂಚಂಚಿಗೆ ಕೂರುತ್ತದೆ. ಪಟ್ಟಿ ಅಗಲವಾಗಿದ್ದರೆ ಪರವಾಗಿಲ್ಲ. ಕಿರಿದಾಗಿದ್ದರೆ, ಕೊಳೆತ ಸ್ಲೀಪರ್ (ಹಳಿಯ ಕೆಳಗೆ ಅಡ್ಡಲಾಗಿ ಹಾಕುವ ಮರದ ದಿಮ್ಮಿ) ಇನ್ನು ಸ್ವಲ್ಪ ಜರುಗಿದರೂ ಸಾಕು, ಚಕ್ರ ಎರಡು ಹಳಿಗಳ ನಡುವೆ ದಬಕ್ಕನೆ ಇಳಿದುಬಿಡುತ್ತದೆ. ಹಳೆಯ ಎರಡು ಎಂಜಿನ್‌ಗಳ ಚಕ್ರದ ಪಟ್ಟಿ ಮಾಮೂಲಿಗಿಂತ ಅಗಲ. ಹೊಸದಾಗಿ ಬಂದದ್ದಕ್ಕೆ ಆ ಅಗಲ ಇರಲಿಲ್ಲ. ವರ್ಷಗಟ್ಟಲೆ ಸವೆದ ಚಪ್ಪಲಿ ಹಾಕಿಕೊಂಡವರ ಕಾಲಿಗೆ ಮಾತ್ರ ಹೊಂದುತ್ತಲ್ಲ, ಹಾಗೆ.

ಸ್ವಾರಸ್ಯ ಎಂದರೆ ಈ ಅರ್ಧ ಇಂಚು ಅಜಾಗರೂಕತೆಯಿಂದ ಬಂದದ್ದಲ್ಲ, ಬೇಕಂತಲೇ ಇಟ್ಟದ್ದು. ಕಾರಣ ಹುಡುಕಿದರೆ 1860ರ ದಶಕಕ್ಕೇ ಹೋಗಬೇಕು. ಹೊಸದರಲ್ಲಿ 'ಟಾಲಿಲ್ಲಿನ್' ಎಂಜಿನ್‌ಗೆ ಇದ್ದದ್ದು ನಾಲ್ಕೇ ಚಕ್ರ. ಓಡುವಾಗ ವಿಪರೀತ ಕುಲುಕುತ್ತಿತ್ತು. ಅದಕ್ಕೆ ಹಿಂದೆ ಇನ್ನೊಂದು ಜೊತೆ ಚಕ್ರ ಜೋಡಿಸಿದರು. ಕುಲುಕಾಟ ಕಡಿಮೆಯಾಯಿತು. ಆದರೆ ಮೊದಲ ಚಕ್ರಕ್ಕೂ ಕೊನೆಯ ಚಕ್ರಕ್ಕೂ ದೂರ ಹೆಚ್ಚಾಯಿತು. ಉದ್ದದ, ಬಾಗದ ಚೌಕಟ್ಟು ತಿರುವಿನಲ್ಲಿ ಹೋಗುವಾಗ ಚಕ್ರಗಳು ಹಳಿಗಳ ನಡುವೆ ಬಿಗಿದುಕೊಳ್ಳುತ್ತವೆ. ಎಂಜಿನ್ ತಿದ್ದುವ ಬದಲು ಹಳಿಯನ್ನೇ ಅಗಲ ಮಾಡಿದರು! ಆ ಒಂದು ಎಂಜಿನ್‌ನ ಅನುಕೂಲಕ್ಕೆ ಮಾಡಿದ ಕೆಲಸಕ್ಕೆ, ಅದು ಕೆಟ್ಟು ಮೂಲೆಯಲ್ಲಿ ಕೂತಿದ್ದಾಗ ಮತ್ತೊಂದು ಎಂಜಿನ್ ದಂಡ ತೆತ್ತಿತು.

ಪರಿಹಾರಕ್ಕೆ ಅಡ್ಡದಾರಿ ಇರಲಿಲ್ಲ. ದಾರಿಯುದ್ದಕ್ಕೂ ಹಳಿ ಎತ್ತಿ, ಸ್ಲೀಪರ್ ಬದಲಿಸಿ, ಸರಿಯಾದ ಅಳತೆಗೆ ಮತ್ತೆ ಹಾಕಬೇಕಿತ್ತು. ಎಷ್ಟೋ ಕಡೆ ಹಳಿಗಳು ಹುಲ್ಲಿನಲ್ಲಿ ಮುಳುಗಿದ್ದವು. ಅವನ್ನು ಹಿಡಿದು ನಿಲ್ಲಿಸಿದ್ದು ಸ್ಲೀಪರೋ ಹುಲ್ಲಿನ ಬೇರೋ ಎಂದು ಕೇಳಬಹುದಾದ ಸ್ಥಿತಿ. ಗುಮಾಸ್ತರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ರಜೆಯಲ್ಲಿ ಬಂದು ಈ ಕೆಲಸ ಮಾಡಿದರು. ಎಂಜಿನ್ ಓಡಿಸುವ ಆಸೆಯಿಂದ ಬಂದವರ ಕೈಗೆ ಸಿಕ್ಕಿದ್ದು ಹಾರೆ, ಗುದ್ದಲಿ.

ಅಷ್ಟರಲ್ಲಿ ಲೀಡ್ಸ್‌ನ ಹನ್ಸ್ಲೆಟ್ ಕಾರ್ಖಾನೆ 'ಎಡ್ವರ್ಡ್ ಥಾಮಸ್' ಎಂಜಿನ್ನನ್ನು ಕಾಸು ತೆಗೆದುಕೊಳ್ಳದೆ ರಿಪೇರಿ ಮಾಡಿಕೊಟ್ಟಿತು. 1952ರಲ್ಲಿ ಅದು ಬಂದ ಮೇಲೆ ಡಾಲ್ಗೋಖ್‌ಗೆ ಉಸಿರಾಡಲು ಬಿಡುವು ಸಿಕ್ಕಿತು. 1953ರಲ್ಲಿ ಹಿಂದೆ ವಾಯುಪಡೆಯ ನೆಲೆಯಲ್ಲಿ ದುಡಿದಿದ್ದ ಇನ್ನೊಂದು ಎಂಜಿನ್ ದಾನವಾಗಿ ಸಿಕ್ಕಿತು. ಅದು 2 ಅಡಿ ಹಳಿಯದ್ದು, ಇಲ್ಲಿನ ಅಳತೆಗೆ ತಿದ್ದಬೇಕಾಯಿತು. ವೇಲ್ಸ್‌ನ ಫೆಸ್ಟಿನಿಯಾಗ್ ರೈಲೂ 1955ರಲ್ಲಿ ಇದೇ ರೀತಿ ಸ್ವಯಂಸೇವಕರ ಕೈಯಲ್ಲಿ ಎದ್ದು ನಿಂತಿತು.

1958ರಲ್ಲಿ 'ಟಾಲಿಲ್ಲಿನ್' ಹೊಸದಾಗಿ ಕಟ್ಟಿಸಿಕೊಂಡು ವಾಪಸ್ಸಾಯಿತು. ಈ ಸಲ ಬದಲಾದದ್ದು ಎಂಜಿನ್. ಸರಿಯಾದ ಅಳತೆಯ ಹಳಿಯಲ್ಲೂ ತಿರುವು ದಾಟುವಂತೆ ಅದರ ಚಕ್ರಗಳನ್ನು ತಿದ್ದಿದ್ದರು. ತೊಂಬತ್ತು ವರ್ಷ ಹಿಂದೆಯೇ ಮಾಡಬಹುದಿತ್ತು, ಬಿಡಿ.

ಅದೇ ವರ್ಷ 'ಎಡ್ವರ್ಡ್ ಥಾಮಸ್' ತಲೆಯ ಮೇಲೆ ಒಂದು ವಿಚಿತ್ರ ಚಿಮಣಿ ಬಂತು. ದುಂಡಗಿಲ್ಲ, ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಉಗಿ ಎಂಜಿನ್ನಿನಲ್ಲಿ ಕೆಲಸ ಮುಗಿಸಿದ ಉಗಿ ಸುಮ್ನೆ ಹೊರಗೆ ಹೋಗುವುದಿಲ್ಲ. ಕೊಳವೆಯ ಬಾಯಿಂದ ಚಿಮಣಿಯೊಳಗೆ ರಭಸವಾಗಿ ಚಿಮ್ಮುತ್ತದೆ, ಹೋಗುತ್ತಾ ಹೊಗೆಯನ್ನೂ ಎಳೆದೊಯ್ಯುತ್ತದೆ. ಆ ಎಳೆತಕ್ಕೆ ಹೊಸ ಗಾಳಿ ಬೆಂಕಿಯ ಮೂಲಕ ನುಗ್ಗುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ, ಯಾರೂ ಹೇಳಬೇಕಿಲ್ಲ. ಆದರೆ ಎಳೆತ ಜೋರಾಗಲಿ ಅಂತ ಕೊಳವೆಯ ಬಾಯಿ ಕಿರಿದು ಮಾಡಿದರೆ, ಉಗಿ ಸರಾಗವಾಗಿ ಹೊರಬೀಳದೆ ಪಿಸ್ಟನ್ನಿಗೇ ಎದುರು ಒತ್ತುತ್ತದೆ. ಆಸ್ಟ್ರಿಯಾದ ಎಂಜಿನಿಯರ್ ಗೀಸಲ್ ಒಂದು ಬಾಯಿಯ ಬದಲು ಸಾಲಾಗಿ ಹಲವು ಸಣ್ಣ ಬಾಯಿಗಳನ್ನಿಟ್ಟರು. ಎಳೆತ ಚೆನ್ನಾಗಿರುತ್ತದೆ, ಎದುರೊತ್ತಡ ಕಡಿಮೆ. ಚಪ್ಪಟೆ ಚಿಮಣಿ ಆ ಸಾಲಿಗೆ ತಕ್ಕ ಆಕಾರ.

ಬ್ರಿಟನ್ನಿನಲ್ಲಿ ಇದನ್ನು ಮೊದಲು ತೊಟ್ಟದ್ದು ಈ ಪುಟಾಣಿ. ಕಲ್ಲಿದ್ದಲು ಶೇ. 40ರಷ್ಟು ಉಳಿಯುತ್ತದೆ ಎಂಬ ಮಾತಿತ್ತು. ಲೆಕ್ಕ ಹಾಕಿ ನೋಡಿದರೆ ಹೇಳಿಕೊಳ್ಳುವಂಥ ಉಳಿತಾಯವೇ ಕಾಣಲಿಲ್ಲ. ಉಪಾಯದಲ್ಲಿ ದೋಷ ಇತ್ತು ಅಂತ ನನಗನ್ನಿಸುವುದಿಲ್ಲ. ಗಂಟೆಗಟ್ಟಲೆ ಭಾರ ಎಳೆದು ಏದುಸಿರು ಬಿಡುವ ದೊಡ್ಡ ಎಂಜಿನ್ನಿಗೆ ಅದು ಸರಿ. ಇಲ್ಲಿ ಕಲ್ಲಿದ್ದಲಿನ ದೊಡ್ಡ ಪಾಲು ಬೆಳಿಗ್ಗೆ ಉಗಿ ಎಬ್ಬಿಸುವುದಕ್ಕೂ ನಿಲ್ದಾಣದಲ್ಲಿ ಕಾಯುವುದಕ್ಕೂ ಹೋಗುತ್ತದಲ್ಲ, ಚಿಮಣಿ ಅಲ್ಲಿ ಏನು ಮಾಡೀತು? 1969ರಲ್ಲಿ ಅದನ್ನು ತೆಗೆದು ಮಾಮೂಲಿ ದುಂಡು ಚಿಮಣಿ ಕೂರಿಸಿದರು.