ಮಕ್ಕಳ ಥೆರಪಿ: ಅಜ್ಜಿಯನ್ನೂ ಕರೆಸಿ

ಎಂ.ಎಸ್ಸಿ. ಸೈಕಾಲಜಿ ಮುಗಿಸಿ ಶಿವಮೊಗ್ಗದಲ್ಲಿ ಬೋರ್ಡ್ ಹಾಕುವುದು ಸುಲಭ. ಆದರೆ ಬೋರ್ಡಿನ ಮೇಲೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬರೆಸಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿಯೂ ನೋಂದಣಿಯೂ ಬೇಕು. ಬಹುಕಾಲ ಅದರ ದಾರಿ 2 ವರ್ಷದ ಎಂ.ಫಿಲ್. ಆಗಿತ್ತು. ಕೋರ್ಸುಗಳು ಬದಲಾಗುತ್ತಿವೆ, ಶುಲ್ಕ ಕಟ್ಟುವ ಮುನ್ನ ಪರಿಷತ್ತಿನ ಜಾಲತಾಣದಲ್ಲೇ ನೋಡಿಕೊಳ್ಳಿ.

ಹೊಸಬರು ಎಡವುವುದು ಮೊದಲ ಭೇಟಿಯಲ್ಲಿ. ಅಪ್ಪ–ಅಮ್ಮನ ಎದುರೇ ‘ಯಾಕೆ ಪುಟ್ಟ ಹಟ ಮಾಡ್ತೀಯ?’ ಎಂದು ಕೇಳುತ್ತಾರೆ. ಮಗು ನೆಲ ನೋಡುತ್ತದೆ, ಅಲ್ಲಿಗೆ ಮುಗಿಯಿತು. ಮೊದಲು ದೊಡ್ಡವರನ್ನು ಬೇರೆ ಕೂರಿಸಿಕೊಂಡು ಜೀನೋಗ್ರಾಂ, ಅಂದರೆ 3 ತಲೆಮಾರಿನ ಕುಟುಂಬ ನಕ್ಷೆ ಬರೆಯಿರಿ: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ. ಬರೆಯುತ್ತಲೇ ಕೇಳಿ. ರಾತ್ರಿ ಯಾರ ಪಕ್ಕ ಮಲಗುತ್ತಾನೆ? ಊಟ ಮಾಡಿಸುವುದು ಯಾರು? ಮೊಬೈಲ್ ಕೊಡುವುದು? ‘ಅಜ್ಜಿ’ ಎಂದರೆ ಮುಂದಿನ ಸಲ ಅಜ್ಜಿಯೂ ಬರಬೇಕು.

ಯಾಕೆ ಅಂದರೆ, ಅಮ್ಮ ಮೊಬೈಲ್ ಕೊಡುವುದಿಲ್ಲ ಎನ್ನೋಣ. ಮಗು 20 ನಿಮಿಷ ಅತ್ತ ಮೇಲೆ ಅಜ್ಜಿ ‘ಪಾಪ, ಕೊಡೇ ಮಾರಾಯ್ತಿ’ ಎಂದು ಕೊಡಿಸುತ್ತಾರೆ. 20 ನಿಮಿಷ ಅತ್ತರೆ ಸಿಗುತ್ತದೆ ಎಂಬ ಪಾಠ ಆಯಿತು. ಕೇಳಿದಾಗಲೆಲ್ಲ ಕೊಡುವುದಕ್ಕಿಂತ ಹೀಗೆ ಒಮ್ಮೊಮ್ಮೆ ಸೋಲುವುದೇ ಹಟವನ್ನು ಗಟ್ಟಿ ಮಾಡುತ್ತದೆ. ಮನೆಯವರೆಲ್ಲ ಒಂದೇ ಮಾತಿಗೆ ನಿಂತರೆ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗಬಹುದು. ಇದನ್ನು ಮುಂಚೆಯೇ ಹೇಳಿಡದಿದ್ದರೆ ‘ನಿಮ್ಮ ಹತ್ತಿರ ಬಂದ ಮೇಲೆ ಹೆಚ್ಚಾಯ್ತು’ ಎಂದು ಬಿಟ್ಟುಬಿಡುತ್ತಾರೆ. ಆ ದಿನಗಳಲ್ಲೇ, ಮಗು ತನ್ನಷ್ಟಕ್ಕೆ ಆಡುವಾಗ ದಿನಕ್ಕೆ 10 ನಿಮಿಷ ಪಕ್ಕ ಕೂರಲು ಹೇಳಿ. ಪಾಠ ಹೇಳಿಕೊಡಲು ಅಲ್ಲ, ಸುಮ್ಮನೆ.

ಎಲ್ಲವೂ ಮನಸ್ಸಿನದೇ ಅಲ್ಲ. ಹಾಸಿಗೆ ಒದ್ದೆ ಮಾಡುವುದನ್ನು 5 ವರ್ಷದೊಳಗೆ ಕಾಯಿಲೆ ಎನ್ನುವುದಿಲ್ಲ. ಆಮೇಲೂ ಮೂತ್ರದ ಸೋಂಕು, ಮಲಬದ್ಧತೆ ಇದೆಯೇ ಎಂದು ಮಕ್ಕಳ ವೈದ್ಯರಲ್ಲಿ ಮೊದಲು ತೋರಿಸಿ.

ವಾರಕ್ಕೊಂದು ಭೇಟಿ ಎಂಬ ಪುಸ್ತಕದ ಲೆಕ್ಕ ಮಲೆನಾಡಿನಲ್ಲಿ ನಡೆಯುವುದಿಲ್ಲ. ಅಡಿಕೆ ಕೊಯ್ಲಿನಲ್ಲಿ, ಆಷಾಢದ ಮಳೆಯಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯವರು ಬರಲಾರರು. 15 ದಿನಕ್ಕೊಂದು ಭೇಟಿ, ನಡುವೆ ಒಂದು ಫೋನ್ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಗುಟ್ಟು. ‘ಯಾರಿಗೂ ಹೇಳಲ್ಲ’ ಎಂದು ಮಗುವಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮನೆಯವರು ಮಾನ ಮರ್ಯಾದೆ ಎಂದು ಕೈಮುಗಿದರೂ ಸರಿ. ಮೊದಲ ದಿನವೇ ಮಗುವಿಗೆ ಹೀಗೆ ಹೇಳಿ: ‘ನಿಂಗೆ ತೊಂದ್ರೆ ಆಗೋ ವಿಷಯ ಆದ್ರೆ ಮಾತ್ರ ಬೇರೆಯವ್ರಿಗೆ ಹೇಳ್ತೀನಿ. ಹೇಳೋ ಮೊದ್ಲು ನಿಂಗೆ ಹೇಳ್ತೀನಿ.’