ಪಡುಗೋಡೆಯ ಬಣ್ಣ ಮತ್ತು ಪೊಟ್ಯಾಸಿಯಂ ಸಿಲಿಕೇಟ್

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಬಣ್ಣ ಮೊದಲು ಕೆಡುವುದು ಪಡು ದಿಕ್ಕಿನ ಗೋಡೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಜೊತೆ ಓರೆಯಾಗಿ ಬಡಿಯುವ ಮಳೆ ಸಾರಣೆಯ ಸಣ್ಣ ಬಿರುಕುಗಳಿಂದ ಒಳಗಿಳಿಯುತ್ತದೆ, ಒಳಗಿನ ಮುರಕಲ್ಲು (ಲ್ಯಾಟರೈಟ್) ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಅಕ್ಟೋಬರ್ ಬಿಸಿಲಿಗೆ ಆ ನೀರು ಹೊರಗೆ ಹೊರಟಾಗ ಎಮಲ್ಷನ್ ಬಣ್ಣದ ಪ್ಲಾಸ್ಟಿಕ್‌ನಂಥ ಪೊರೆ ಅಡ್ಡ ನಿಲ್ಲುತ್ತದೆ. ಪೊರೆ ಗುಳ್ಳೆ ಕಟ್ಟಿ ಒಡೆದು, ಹಾಳೆ ಹಾಳೆಯಾಗಿ ಕಳಚುತ್ತದೆ. ಅದನ್ನು ಕೆರೆದು, ಪುಟ್ಟಿ ಹಾಕಿ, ಮತ್ತೆ ಅಂಥದೇ ಬಣ್ಣ ಬಳಿದರೆ ಎರಡು ಮೂರು ಮಳೆಗಾಲದಲ್ಲಿ ಅದೇ ಕತೆ. ಇದಕ್ಕೊಂದು ಪರಿಹಾರ ಪೊಟ್ಯಾಸಿಯಂ ಸಿಲಿಕೇಟ್ ಬಣ್ಣ: ಅದು ಪೊರೆ ಕಟ್ಟದೆ ಸಾರಣೆಯೊಳಗೇ ಬೆಸೆದುಕೊಳ್ಳುತ್ತದೆ.

ಸುಣ್ಣ ಬಳಿದ ಗೋಡೆ ಹೀಗೆ ಏಳುತ್ತಿರಲಿಲ್ಲ. ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗೋಡೆಯ ಮೇಲೆ ಮತ್ತೆ ಕಲ್ಲಾಗುತ್ತದೆ. ಅದರಲ್ಲಿ ಕಳಚಲು ಪೊರೆಯೇ ಇಲ್ಲ. ಆದರೆ ಆ ಕಲ್ಲು ಮೆದು. ಮಳೆಗೆ ಸವೆದು ಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬಳಿಯಬೇಕು. ಬಾವುಟಗುಡ್ಡೆಯ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ 19ನೇ ಶತಮಾನದ ಕೊನೆಯಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿ ಬರೆದ ಫ್ರೆಸ್ಕೋಗಳ ಬಣ್ಣ ನಿಂತಿರುವುದೂ ಇದೇ ಸುಣ್ಣದ ಗುಣದಿಂದ. ಹಸಿ ಸಾರಣೆಯ ಮೇಲೆ ಬಳಿದ ಬಣ್ಣದ ಪುಡಿ, ಸುಣ್ಣ ಕಲ್ಲಾಗುವಾಗ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಆದರೆ ಅವು ಸೂರಿನ ಕೆಳಗಿವೆ. ಅಂಥ ಬಣ್ಣವನ್ನು ಬಯಲಿನ ಗೋಡೆಯಲ್ಲಿ ನಿಲ್ಲಿಸುವುದು ಹೇಗೆ ಎಂಬುದು ಯುರೋಪಿನವರಿಗೂ ಬಿಡಿಸಲಾಗದ ಸಮಸ್ಯೆಯಾಗಿತ್ತು.

ದಾರಿ ತೆರೆದದ್ದು ಜರ್ಮನಿಯ ಬವೇರಿಯಾದ ರಸಾಯನಶಾಸ್ತ್ರಜ್ಞ ಯೋಹಾನ್ ನೆಪೊಮುಕ್ ಫಾನ್ ಫುಕ್ಸ್. ಬಿಳಿ ಮರಳು ಮತ್ತು ಪೊಟ್ಯಾಶನ್ನು (ಪೊಟ್ಯಾಸಿಯಂ ಕಾರ್ಬೊನೇಟ್) ಕುಲುಮೆಯಲ್ಲಿ ಒಟ್ಟಿಗೆ ಕರಗಿಸಿದರೆ ಗಾಜಿನಂಥ ಗಟ್ಟಿ ಸಿಗುತ್ತದೆ. ಅದು ಬಿಸಿನೀರಿನಲ್ಲಿ ಕರಗಿ ದಪ್ಪ ದ್ರವವಾಗುತ್ತದೆ. ಅದೇ ವಾಟರ್ ಗ್ಲಾಸ್, ಅಂದರೆ ಪೊಟ್ಯಾಸಿಯಂ ಸಿಲಿಕೇಟ್. ಫುಕ್ಸ್ ಇದನ್ನು 1825ರಲ್ಲಿ ಪ್ರಕಟಿಸಿದರು. ಒಣ ಸಾರಣೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣದಿಂದ ಚಿತ್ರ ಬರೆದು, ಆಮೇಲೆ ಅದರ ಮೇಲೆ ವಾಟರ್ ಗ್ಲಾಸ್ ಸಿಂಪಡಿಸಿ ಗಟ್ಟಿಮಾಡುವ ಕ್ರಮಕ್ಕೆ ಸ್ಟೀರಿಯೋಕ್ರೋಮಿ ಎಂಬ ಹೆಸರು ಬಂತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡೇನಿಯಲ್ ಮ್ಯಾಕ್ಲೀಸ್ ಎರಡು ದೊಡ್ಡ ಚಿತ್ರಗಳನ್ನು ಹೀಗೇ ಬರೆದರು. 1865ರಲ್ಲಿ ಎರಡನೆಯದೂ ಮುಗಿಯಿತು. ಸ್ವಲ್ಪ ಕಾಲದಲ್ಲೇ ಎರಡೂ ಮಂಕಾದವು. ಮೇಲಿನಿಂದ ಸಿಂಪಡಿಸುವ ಕ್ರಮದ ದೊಡ್ಡ ದೋಷ ಇದು: ದ್ರವ ಎಲ್ಲ ಕಡೆ ಸಮನಾಗಿ ಇಳಿಯುವುದಿಲ್ಲ. ಕಡಿಮೆ ಬಿದ್ದಲ್ಲಿ ಬಣ್ಣ ಪುಡಿಯಾಗಿ ಉಳಿಯುತ್ತದೆ, ಹೆಚ್ಚು ಬಿದ್ದಲ್ಲಿ ಗಾಜಿನ ಪೊರೆ ಕಟ್ಟುತ್ತದೆ.

ಮ್ಯೂನಿಕ್ಕಿನ ಆಡಾಲ್ಫ್ ವಿಲ್‌ಹೆಲ್ಮ್ ಕೈಮ್ ಈ ದೋಷ ತಿದ್ದಿದ ಸಿಲಿಕೇಟ್ ಬಣ್ಣಕ್ಕೆ 1878ರಲ್ಲಿ ಪೇಟೆಂಟ್ ಪಡೆದರು. ಅವರು ಬರೀ ಬಣ್ಣವನ್ನು ತಿದ್ದಲಿಲ್ಲ, ಕೆಳಗಿನ ಸಾರಣೆಯಿಂದಲೇ ತಿದ್ದುತ್ತಾ ಬಂದರು. ಹೀರುವ ಗುಣದ ಒರಟು ಸಾರಣೆ ಬೇಕು, ಅದರ ಮೇಲೆ ಕಟ್ಟಿದ ಸುಣ್ಣದ ತೆಳು ತೊಗಲನ್ನು ಮೊದಲು ಮುರಿಯಬೇಕು, ಬಣ್ಣ ಕ್ಷಾರ ತಡೆಯುವ ಖನಿಜವೇ ಆಗಿರಬೇಕು. ಸ್ವಿಟ್ಸರ್ಲೆಂಡ್, ಜರ್ಮನಿಗಳಲ್ಲಿ ಆ ಕಾಲದ ಕೆಲವು ಗೋಡೆಗಳು ಮಳೆ ಹಿಮ ತಿಂದೂ ಇಂದಿಗೂ ಬಣ್ಣ ಉಳಿಸಿಕೊಂಡಿವೆ.

ಇದು ಕೆಲಸ ಮಾಡುವ ಬಗೆ ಹೀಗೆ. ದ್ರವ ಸಾರಣೆಯ ರಂಧ್ರಗಳಿಗೆ ಇಳಿಯುತ್ತದೆ. ಅಲ್ಲಿರುವ ಬಿಡಿ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಸಿಲಿಕೇಟ್ ಆಗುತ್ತದೆ. ಸಿಮೆಂಟಿಗೆ ಬಲ ಕೊಡುವುದೂ ಇದೇ ಜಾತಿಯ ಪದಾರ್ಥ. ಉಳಿದದ್ದು ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಸಿಲಿಕಾ ಆಗಿ ಗಟ್ಟಿಯಾಗುತ್ತದೆ, ಪೊಟ್ಯಾಸಿಯಂ ಕಾರ್ಬೊನೇಟ್ ಹೊರಬೀಳುತ್ತದೆ. ಅಂಗಡಿಯಲ್ಲಿ ಸುಲಭವಾಗಿ, ಅಗ್ಗಕ್ಕೆ ಸಿಗುವ ಸೋಡಿಯಂ ಸಿಲಿಕೇಟ್ ಯಾಕಾಗದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಸೋಡಿಯಂ ಕಾರ್ಬೊನೇಟ್ ಗೋಡೆಯ ಮೇಲೆ ಬಿಳಿ ಹರಳಾಗಿ ಅರಳುತ್ತದೆ. ಪೊಟ್ಯಾಸಿಯಂನದು ತೇವ ಹೀರುವ ಜಾತಿ, ಹರಳುಗಟ್ಟದೆ ಮಳೆಗೆ ತೊಳೆದುಹೋಗುತ್ತದೆ. ಅಗ್ಗವೆಂದು ಸೋಡಿಯಂ ಬಳಸಿ ಗೋಡೆಯಲ್ಲಿ ಉಪ್ಪು ಹೂ ಬಂತೆಂದು ಸಿಲಿಕೇಟನ್ನೇ ದೂರುವುದು ನ್ಯಾಯವಲ್ಲ.

ಕೈಮ್ ಬಣ್ಣ ಎರಡು ಭಾಗದ್ದು: ಬೇರೆ ಪುಡಿ, ಬೇರೆ ದ್ರವ. ಹಿಂದಿನ ದಿನವೇ ಕಲಸಿ ನೆನೆಸಿಡಬೇಕು, ತೆಳು ಮಾಡಲು ನೀರು ಸೇರಿಸುವಂತಿಲ್ಲ, ಆ ದ್ರವವನ್ನೇ ಸೇರಿಸಬೇಕು. ಕಲಸಿದ್ದನ್ನು ಕೂಡಿಡಲು ಬಾರದು, ಡಬ್ಬದಲ್ಲೇ ದಪ್ಪವಾಗುತ್ತದೆ. ಅವಸರದ ಕೆಲಸಕ್ಕೆ ಇದು ಒಗ್ಗಲಿಲ್ಲ. 1960ರ ದಶಕದಲ್ಲಿ ಸ್ವಲ್ಪ ಅಕ್ರಿಲಿಕ್ (ಪ್ಲಾಸ್ಟಿಕ್ ಜಾತಿಯ ಅಂಟು) ಬೆರೆಸಿ ಒಂದೇ ಡಬ್ಬದಲ್ಲಿ ಉಳಿಯುವ ಡಿಸ್ಪರ್ಷನ್ ಸಿಲಿಕೇಟ್ ಬಂತು. ಜಗಳ ಶುರುವಾದದ್ದು ಇಲ್ಲಿಂದ. ಅಕ್ರಿಲಿಕ್ ಹೆಚ್ಚಿಸುತ್ತಾ ಹೋದರೆ ಹೆಸರಿಗೆ ಮಾತ್ರ ಸಿಲಿಕೇಟ್, ಗೋಡೆಗೆ ಮತ್ತೆ ಪ್ಲಾಸ್ಟಿಕ್. ಜರ್ಮನಿಯ ಡಿಐಎನ್ 18363 ಎಂಬ ಮಾನದಂಡ ಇದಕ್ಕೆ ಗೆರೆ ಎಳೆದಿದೆ: ಒಟ್ಟು ತೂಕದಲ್ಲಿ ಅಕ್ರಿಲಿಕ್‌ನಂಥ ಸಾವಯವ ಅಂಶ ಶೇ 5 ಮೀರಬಾರದು. ಡಬ್ಬದ ಮೇಲೆ 'ಮಿನರಲ್' ಎಂದಿದ್ದರೆ ಸಾಲದು, ತಾಂತ್ರಿಕ ಹಾಳೆ ಕೇಳಿ ಈ ಅಂಕೆ ನೋಡಬೇಕು. 2002ರಲ್ಲಿ ಬಂದ ಸೋಲ್ ಸಿಲಿಕೇಟ್‌ನಲ್ಲಿ ವಾಟರ್ ಗ್ಲಾಸ್ ಜೊತೆ ಸಿಲಿಕಾದ ಅತಿಸಣ್ಣ ಕಣಗಳೂ ಇರುತ್ತವೆ. ಅದು ಗಟ್ಟಿಯಾಗಿ ಕೂತಿರುವ ಹಳೆಯ ಎಮಲ್ಷನ್ ಮೇಲೂ ಹಿಡಿಯುತ್ತದೆ. ಆದರೆ ಕೆಳಗಿನ ಪೊರೆ ಉಸಿರು ಕಟ್ಟಿದ್ದರೆ ಮೇಲಿನದು ಏನು ಮಾಡೀತು?

ಕರಾವಳಿಯಲ್ಲಿ ಬಳಸುವವರು ಮೊದಲು ಗೋಡೆಯನ್ನು ಪರೀಕ್ಷಿಸಲಿ. ನೀರು ಚಿಮುಕಿಸಿದಾಗ ಅರ್ಧ ನಿಮಿಷದಲ್ಲಿ ಹೀರಿ ಗೋಡೆ ಕಪ್ಪಾದರೆ ಸರಿ. ಹನಿ ಉರುಳಿ ಬಿದ್ದರೆ ಹಳೆಯ ಬಣ್ಣ, ಪಾಲಿಮರ್ ಪುಟ್ಟಿ, ವಾಟರ್‌ಪ್ರೂಫಿಂಗ್ ಯಾವುದೋ ಒಂದು ಅಡ್ಡ ಇದೆ, ಸಾರಣೆಯವರೆಗೆ ತೆಗೆಯಲೇಬೇಕು. ಜಿಪ್ಸಂ, ಪ್ಲಾಸ್ಟರ್ ಆಫ್ ಪ್ಯಾರಿಸ್ ಮೇಲೆ ಶುದ್ಧ ಸಿಲಿಕೇಟ್ ಬೇಡ. ಅಲ್ಲಿ ಪೊಟ್ಯಾಸಿಯಂ ಸಲ್ಫೇಟ್ ಹುಟ್ಟಿ ಬಿಳಿ ಉಪ್ಪು ಬರುತ್ತದೆ, ಪದರ ಸಡಿಲವಾಗುತ್ತದೆ. ಹೊಸ ಸಾರಣೆಗೆ 28 ದಿನ ಬಿಡಿ. ಉಪ್ಪುನೀರಿನ ಮರಳಿನಲ್ಲಿ ಮಾಡಿದ ಸಾರಣೆಯಾದರೆ ಯಾವ ಬಣ್ಣವೂ ಅದನ್ನು ಉಳಿಸದು. ಬರಿಯ ಮುರಕಲ್ಲಿನಲ್ಲಿ ಬಿಡಿ ಸುಣ್ಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಿಡಿತ ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ. ಅಲ್ಲಿ ತೆಳು ಸುಣ್ಣದ ಸಾರಣೆ ಮಾಡಿ ಅದರ ಮೇಲೆ ಬಳಿಯುವುದೇ ನಂಬಿಕೆಯ ದಾರಿ.

ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ಮೂಡುಗೋಡೆಯನ್ನು ಮಧ್ಯಾಹ್ನದ ಮೇಲೆ, ಪಡುಗೋಡೆಯನ್ನು ಬೆಳಿಗ್ಗೆ ಬಳಿಯಬೇಕು. ನೆರಳು ಸಿಗುತ್ತದೆ. ಏಪ್ರಿಲ್‌ನ ಕಾದ ಗೋಡೆಯ ಮೇಲೆ ನೀರು ಮೊದಲೇ ಹಾರಿಹೋಗುತ್ತದೆ, ಸಿಲಿಕೇಟ್ ಒಳಗಿಳಿಯುವ ಮುಂಚೆಯೇ ಒಣಗಿ ಕೈಗೆ ಪುಡಿ ಹತ್ತುತ್ತದೆ. ತುಂಬಾ ಹೀರುವ ಗೋಡೆಗೆ ಕಂಪನಿಯದೇ ಸಿಲಿಕೇಟ್ ಪ್ರೈಮರ್ ಹಾಕಬೇಕು. ಅದರ ಬದಲು ಅಕ್ರಿಲಿಕ್ ಪ್ರೈಮರ್ ಹಾಕಿದರೆ ಎಲ್ಲ ಶ್ರಮವೂ ವ್ಯರ್ಥ. ಒಂದು ಕೋಟಿನಿಂದ ಇನ್ನೊಂದಕ್ಕೆ 12 ಗಂಟೆ ಅಂತರ ಇರಲಿ. ನಯವಾದ ಸಾರಣೆಯಲ್ಲಿ ಚದರ ಮೀಟರಿಗೆ ಕೋಟೊಂದಕ್ಕೆ ಸುಮಾರು 150 ಮಿಲಿಲೀಟರ್ ಹಿಡಿಯುತ್ತದೆ. 1,000 ಚದರ ಅಡಿ ಗೋಡೆಗೆ ಎರಡು ಕೋಟ್ ಬಳಿಯಲು ಸುಮಾರು 28 ಲೀಟರ್ ಆಯಿತು. ಒರಟು ಗೋಡೆಗೆ ಇನ್ನೂ ಹೆಚ್ಚು ಬೇಕು. ಒಂದು ಗೋಡೆಯನ್ನು ನಡುವೆ ನಿಲ್ಲಿಸದೆ ಮೂಲೆಯಿಂದ ಮೂಲೆಗೆ ಮುಗಿಸಬೇಕು, ಇಲ್ಲದಿದ್ದರೆ ಕೂಡುಗೆರೆ ಎದ್ದು ಕಾಣುತ್ತದೆ.

ಕಿಟಕಿ ಗಾಜು, ಅಲ್ಯೂಮಿನಿಯಂ ಚೌಕಟ್ಟು, ಟೈಲ್ಸ್ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದನ್ನು ಮರೆಯಬಾರದು. ದ್ರವದ ಕ್ಷಾರತೆ ಪಿಎಚ್ 11ರ ಆಸುಪಾಸು. ಗಾಜಿನ ಮೇಲೆ ಬಿದ್ದ ಹನಿ ಒಣಗಿದರೆ ಗಾಜನ್ನೇ ಕೊರೆಯುತ್ತದೆ, ಆ ಕಲೆ ಹೋಗುವುದಿಲ್ಲ. ಕೈಗವಸು, ಕನ್ನಡಕ ಕಡ್ಡಾಯ. ಬಣ್ಣದ ಆಯ್ಕೆಯೂ ಸೀಮಿತ: ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಂದು, ಕ್ರೋಮಿಯಂ ಆಕ್ಸೈಡಿನ ಹಸಿರು, ಟೈಟಾನಿಯಂನ ಬಿಳಿ. ಅಂಗಡಿಯ ಟಿಂಟಿಂಗ್ ಮೆಷಿನ್‌ನ ಸಾಮಾನ್ಯ ಬಣ್ಣ ಹಾಕಿಸಿದರೆ ಕ್ಷಾರಕ್ಕೆ ಬಣ್ಣ ಸುಟ್ಟುಹೋಗಬಹುದು.

ಪಾಚಿಯ ಬಗ್ಗೆ ಅತಿಯಾದ ಆಸೆ ಬೇಡ. ಮೊದಲ ವರ್ಷಗಳಲ್ಲಿ ಕ್ಷಾರ ಅದನ್ನು ತಡೆಯುತ್ತದೆ, ಗೋಡೆ ಬೇಗ ಒಣಗುವುದೂ ಸಹಾಯ ಮಾಡುತ್ತದೆ. ಆದರೆ ಸೂರು ಗಿಡ್ಡವಾಗಿ ನೀರು ಸದಾ ಗೋಡೆಗೆ ಹರಿಯುತ್ತಿದ್ದರೆ ಪಾಚಿ ಬಂದೇ ಬರುತ್ತದೆ. ಪಣಂಬೂರು, ಮಲ್ಪೆಯಂಥ ಕಡಲಂಚಿನ ಕಾಂಕ್ರೀಟ್ ಕಂಬ, ತೊಲೆಗಳಿಗೂ ಇದೊಂದನ್ನೇ ನೆಚ್ಚಬಾರದು. ಆವಿಯನ್ನು ಹೊರಬಿಡುವ ರಂಧ್ರಗಳೇ ಉಪ್ಪುಗಾಳಿಯನ್ನೂ ಒಳಬಿಡುತ್ತವೆ, ಒಳಗಿನ ಸರಳಿಗೆ ತುಕ್ಕಿನಿಂದ ರಕ್ಷಣೆ ಬೇರೆಯೇ ಬೇಕು. ಸಾರಣೆ ಮಾಡಿದ ಮುರಕಲ್ಲಿನ ಗೋಡೆಗೆ ಮಾತ್ರ ಇದು ಹೇಳಿ ಮಾಡಿಸಿದ್ದು. ಮುಂದೆ ಮತ್ತೆ ಬಳಿಯುವಾಗ ಕೆರೆಯುವ ಕೆಲಸವಿಲ್ಲ. ಗೋಡೆ ತೊಳೆದು, ಒಣಗಿಸಿ, ಒಂದು ಕೋಟ್ ಬಳಿದರಾಯಿತು.