ಕಂಕುಳಿನ ಗ್ರಂಥಿ ತೆಗೆದ ಮೇಲೆ ತೋಳು ನೋವು: ಇದು ಲಿಂಫೆಡಿಮಾ ಇರಬಹುದಾ?

ಪ್ರಶ್ನೆ: ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಎರಡು ತಿಂಗಳಾಯಿತು. ಆಗಲೇ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು. ಈಗ ಆ ಕಡೆಯ ತೋಳು ನೋಯುತ್ತದೆ, ಕೈ ಪೂರ್ತಿ ಮೇಲೆತ್ತಲು ಆಗುವುದಿಲ್ಲ. ತೋಳಲ್ಲಿ ದ್ರವ ನಿಂತು ಊದುವ ಲಿಂಫೆಡಿಮಾ ಶುರುವಾಯಿತಾ ಅಂತ ಭಯ. ಹೇಗೆ ಗೊತ್ತು ಮಾಡಿಕೊಳ್ಳುವುದು?

ಉತ್ತರ: ನೋವಿದೆ, ಊತ ಇಲ್ಲ, ಭಾರವೂ ಇಲ್ಲ ಅಂದರೆ ಕಾರಣ ಹೆಚ್ಚಾಗಿ ಬೇರೆ ಇರುತ್ತದೆ. ಲಿಂಫೆಡಿಮಾ ಸಾಮಾನ್ಯವಾಗಿ ಚುಚ್ಚುವ ನೋವಿನಿಂದ ಶುರುವಾಗುವುದಿಲ್ಲ. ತೋಳು ಭಾರ ಅನಿಸುವುದು, ಒಳಗಿಂದ ತುಂಬಿಕೊಂಡ ಹಾಗೆ ಬಿಗಿಯುವುದು, ಸಂಜೆ ಹೊತ್ತಿಗೆ ದಣಿದ ಹಾಗಾಗುವುದು, ಇವು ಅದರ ಮೊದಲ ಮಾತು. ಹಾಗಂತ ನಿಮ್ಮ ನೋವನ್ನು ಸುಮ್ನೆ ಬಿಡುವಂತಿಲ್ಲ. ಅದಕ್ಕೂ ಕಾರಣ ಇದೆ, ಚಿಕಿತ್ಸೆಯೂ ಇದೆ.

ನೀವು ಹೇಳಿದ ಎರಡನೇ ಮಾತು, ಕೈ ಮೇಲೆತ್ತಲು ಆಗುವುದಿಲ್ಲ ಅನ್ನುವುದು, ನನ್ನ ಗಮನ ಸೆಳೆಯಿತು. ಕನ್ನಡಿ ಮುಂದೆ ನಿಂತು, ಆಗುವಷ್ಟು ಮಾತ್ರ ಕೈಯನ್ನು ಪಕ್ಕಕ್ಕೆ ಎತ್ತಿ ನೋಡಿ. ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದ ಕೆಳಗೆ ಬಿಗಿದ ದಾರದಂತೆ ಏನಾದರೂ ಎದ್ದು ಕಾಣುತ್ತದಾ? ಬೆರಳಿಗೆ ವೀಣೆಯ ತಂತಿಯ ಹಾಗೆ ಸಿಗುತ್ತದಾ? ಕೆಲವರಲ್ಲಿ ಅದು ಮಣಿಕಟ್ಟಿನವರೆಗೂ ಇಳಿದಿರುತ್ತದೆ. ಇದನ್ನು ಡಾಕ್ಟರುಗಳು ಕಾರ್ಡಿಂಗ್ ಅನ್ನುತ್ತಾರೆ. ಆಪರೇಷನ್ ಆದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವುದೇ ಜಾಸ್ತಿ. ನೋಡಲು ಗಾಬರಿಯಾಗುತ್ತದೆ, ಆದರೆ ಇದು ಕ್ಯಾನ್ಸರ್ ಮರಳಿ ಬಂದ ಗುರುತಲ್ಲ. ಫಿಸಿಯೋಥೆರಪಿಯಲ್ಲಿ ನಿಧಾನವಾಗಿ ಎಳೆಯುವ ವ್ಯಾಯಾಮ ಮಾಡಿಸುತ್ತಾರೆ, ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಸಡಿಲಾಗುತ್ತದೆ. ನೋವಿಗೆ ಹೆದರಿ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಮಾತ್ರ ಭುಜವೂ ಬಿಗಿದುಕೊಂಡು ತೊಂದರೆ ಎರಡಾಗುತ್ತದೆ.

ಇನ್ನೊಂದು ನರದ ನೋವು. ಕಂಕುಳಲ್ಲಿ ಹಾದು ತೋಳಿನ ಒಳಭಾಗದ ಚರ್ಮಕ್ಕೆ ಹೋಗುವ ಒಂದು ನರವಿದೆ. ಗ್ರಂಥಿ ತೆಗೆಯುವಾಗ ಅದು ಎಳೆದಂತಾಗಬಹುದು, ಕೆಲವೊಮ್ಮೆ ಕತ್ತರಿಸಿಯೂ ಹೋಗಬಹುದು. ಆಗ ತೋಳಿನ ಒಳಭಾಗ ಜೋಮು ಹಿಡಿದಂತೆ, ಉರಿದಂತೆ, ಆಗಾಗ ಶಾಕ್ ಹೊಡೆದಂತೆ ಆಗುತ್ತದೆ. ಬಟ್ಟೆ ತಾಗಿದರೂ ಕಿರಿಕಿರಿ. ಊತ ಮಾತ್ರ ಇರುವುದಿಲ್ಲ. ಇದಕ್ಕೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ನರದ ನೋವಿಗೇ ಅಂತ ಬೇರೆ ಔಷಧಿಗಳಿವೆ. ಹಾಗಾಗಿ ಡಾಕ್ಟರ್ ಹತ್ತಿರ ಬರೀ ‘ನೋವು’ ಅನ್ನಬೇಡಿ. ಉರಿಯಾ, ಸೆಳೆತವಾ, ಭಾರವಾ, ಬಿಡಿಸಿ ಹೇಳಿ.

ಈಗ ಲಿಂಫೆಡಿಮಾಗೆ ಬರೋಣ. ರಕ್ತನಾಳಗಳಿಂದ ಹೊರಗೆ ಜಿನುಗಿದ ನೀರು, ಪ್ರೋಟೀನ್ ಎಲ್ಲ ಲಿಂಫ್ ನಾಳಗಳ ಮೂಲಕ ವಾಪಸ್ ರಕ್ತಕ್ಕೆ ಸೇರಬೇಕು. ತೋಳಿನಿಂದ ಹೋಗುವ ದಾರಿ ಕಂಕುಳಿನ ಮೇಲೆಯೇ. ಅಲ್ಲಿನ ಗ್ರಂಥಿ ತೆಗೆದರೆ ದಾರಿ ಕಿರಿದಾಗುತ್ತದೆ. ಉಳಿದ ನಾಳಗಳು ನಿಭಾಯಿಸಿದರೆ ಸರಿ, ಇಲ್ಲದಿದ್ದರೆ ದ್ರವ ತೋಳಲ್ಲೇ ನಿಲ್ಲುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿದ್ದರೆ ಅಪಾಯ ಕಡಿಮೆ, ಸುಮಾರು 100ರಲ್ಲಿ 5ರಿಂದ 6 ಜನಕ್ಕೆ. ಕಂಕುಳಿನ ಹೆಚ್ಚಿನ ಗ್ರಂಥಿಗಳನ್ನು ತೆಗೆದಿದ್ದರೆ ಸುಮಾರು ಐವರಲ್ಲಿ ಒಬ್ಬರಿಗೆ. ಕಂಕುಳಿಗೆ ರೇಡಿಯೇಷನ್ ಕೂಡ ಕೊಟ್ಟಿದ್ದರೆ, ಮೈತೂಕ ಜಾಸ್ತಿ ಇದ್ದರೆ ಇದು ಇನ್ನೂ ಏರುತ್ತದೆ. ನಿಮಗೆ ಎಷ್ಟು ಗ್ರಂಥಿ ತೆಗೆದರು ಅನ್ನುವುದು ಪೆಥಾಲಜಿ ರಿಪೋರ್ಟಿನಲ್ಲಿ ಇರುತ್ತದೆ, ನೋಡಿಕೊಳ್ಳಿ.

ಕಣ್ಣಿಗೆ ಊತ ಕಾಣುವ ಮೊದಲೇ ಉಂಗುರ, ವಾಚು ಸುಳಿವು ಕೊಡುತ್ತವೆ. ನಿನ್ನೆವರೆಗೆ ಸರಿಯಾಗಿದ್ದ ತೋಳಿನ ಬಟ್ಟೆ ಒಂದೇ ಕಡೆ ಬಿಗಿಯಾಗುತ್ತದೆ. ಕೈಯ ಹಿಂಭಾಗದ ರಕ್ತನಾಳ, ಗೆಣ್ಣು ಮಸುಕಾಗುತ್ತವೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ಹೊತ್ತು ಗುಳಿ ನಿಲ್ಲುತ್ತದೆ. ಶುರುವಿನಲ್ಲಿ ಕೈ ಎತ್ತಿಟ್ಟು ಮಲಗಿದರೆ ಬೆಳಿಗ್ಗೆ ಇಳಿದಿರುತ್ತದೆ. ಅದಕ್ಕೇ ಎಷ್ಟೋ ಜನ ‘ಹೋಯ್ತಲ್ಲ’ ಅಂತ ಮರೆತುಬಿಡುತ್ತಾರೆ. ಅದೇ ತಪ್ಪು. ಈ ಹಂತದಲ್ಲಿ ಹಿಡಿದರೆ ಹತೋಟಿ ಸುಲಭ. ವರ್ಷಗಟ್ಟಲೆ ಬಿಟ್ಟರೆ ಒಳಗೆ ಕೊಬ್ಬು, ನಾರು ಸೇರಿ ಚರ್ಮ ಗಟ್ಟಿಯಾಗುತ್ತದೆ.

ಅಳತೆ ಟೇಪ್ ಇದ್ದರೆ ತಿಂಗಳಿಗೊಮ್ಮೆ ಎರಡೂ ತೋಳು ಅಳೆಯಿರಿ: ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ಪ್ರತಿಸಲ ಅದೇ ಜಾಗ, ದಿನದ ಅದೇ ಹೊತ್ತು. ಹೆಚ್ಚು ಬಳಸುವ ಕೈ ಮೊದಲಿಂದಲೂ ಸ್ವಲ್ಪ ದಪ್ಪ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಎರಡು ತೋಳಿನ ನಡುವೆ ಹೊಸದಾಗಿ 2 ಸೆಂ.ಮೀ. ವ್ಯತ್ಯಾಸ ಬಂದರೆ ತೋರಿಸಲೇಬೇಕು. ಅಷ್ಟು ಬರದಿದ್ದರೂ ಭಾರ ಹೋಗುತ್ತಿಲ್ಲ ಅಂದರೆ ತೋರಿಸಿ. ಹೆಚ್ಚಿನವರಲ್ಲಿ ಇದು ಮೊದಲ 2-3 ವರ್ಷದಲ್ಲಿ ಬರುತ್ತದೆ, ಆದರೆ ಹತ್ತು ವರ್ಷ ಕಳೆದ ಮೇಲೆ ಬಂದವರೂ ಇದ್ದಾರೆ.

ಕೆಲವಕ್ಕೆ ಮಾತ್ರ ಕಾಯಲೇಬಾರದು. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಅಥವಾ ಚಳಿ ಬಂದರೆ ಅದು ಸೋಂಕು, ಅವತ್ತೇ ಆಂಟಿಬಯೋಟಿಕ್ ಬೇಕಾಗಬಹುದು. ದಿಢೀರ್ ಅಂತ ಊದಿ ತೋಳು ನೀಲಿಗಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು, ಎಮರ್ಜೆನ್ಸಿಗೇ ಹೋಗಿ. ಜೊತೆಗೆ ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ತಡ ಬೇಡ. ಕಂಕುಳಲ್ಲಿ ಹೊಸ ಗಂಟು, ದಿನದಿಂದ ದಿನಕ್ಕೆ ಏರುವ ನೋವು, ಕೈಯ ಬಲ ಕುಂದುವುದು, ಇವನ್ನು ಕ್ಯಾನ್ಸರ್ ಡಾಕ್ಟರಿಗೆ ತಡಮಾಡದೆ ತೋರಿಸಬೇಕು.

ಲಿಂಫೆಡಿಮಾ ಅಂತಲೇ ಗೊತ್ತಾದರೆ ಒತ್ತಡದ ತೋಳುಪಟ್ಟಿ, ವಿಶೇಷ ಮಸಾಜ್, ವ್ಯಾಯಾಮ, ಚರ್ಮದ ಆರೈಕೆ, ಇವೇ ಮುಖ್ಯ ಚಿಕಿತ್ಸೆ. ತೋಳುಪಟ್ಟಿಯನ್ನು ಅಳತೆ ಕೊಟ್ಟೇ ತೆಗೆದುಕೊಳ್ಳಿ, ಸರಿ ಹೊಂದದಿದ್ದರೆ ಊತ ಬೆರಳುಗಳಿಗೆ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಊತ ಇಳಿಯುವುದಿಲ್ಲ. ‘ಆ ಕೈಯಲ್ಲಿ ಇನ್ನು ಭಾರ ಎತ್ತಲೇಬಾರದು’ ಅನ್ನುವುದು ಹಳೆಯ ಮಾತಾಯಿತು. ಫಿಸಿಯೋ ಹೇಳಿದಂತೆ ಹಂತಹಂತವಾಗಿ ಶುರು ಮಾಡಿದರೆ ತೂಕ ಎತ್ತುವ ವ್ಯಾಯಾಮವೂ ಆಗುತ್ತದೆ.

ನಿಮ್ಮ ವಿಷಯದಲ್ಲಿ, ಈ ವಾರವೇ ಸರ್ಜನ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ, ಅವರು ಎರಡೂ ತೋಳು ಜೊತೆಗಿಟ್ಟು ನೋಡಬೇಕು.